ಜೋಧಪುರದ ಕಾಗೆಯ ಕುತ್ತಿಗೆ

ಐತಾಳ ಮೇಷ್ಟ್ರು ಯಾರ ಮುಖವನ್ನೂ ನೋಡಿ ಮಾತಾಡಿದವರಲ್ಲ. ಅವರು ನೋಡುತ್ತಿದ್ದದ್ದು ಕುತ್ತಿಗೆಯನ್ನು. ಎದುರಿಗೆ ಪ್ರಿನ್ಸಿಪಾಲರು ನಿಂತಿರಲಿ, ಬಸ್ಸಿನ ಕಂಡಕ್ಟರ್ ನಿಂತಿರಲಿ, ಅವರ ದೃಷ್ಟಿ ಗದ್ದದ ಕೆಳಗೆ ಇಳಿದು ಅಲ್ಲೇ ಕೂತುಬಿಡುತ್ತಿತ್ತು. ಹೊಸದಾಗಿ ಕಾಲೇಜಿಗೆ ಸೇರಿದ ಹುಡುಗರು ಕೊಳೆಯೇನಾದರೂ ಕಾಣುತ್ತಿದೆಯೋ ಎಂದು ಕಾಲರ್ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕೊಳೆಯ ವಿಷಯ ಅವರಿಗೆ ಬೇಕಿರಲಿಲ್ಲ. ಜೀವಮಾನವಿಡೀ ಕಾಗೆಗಳ ಕುತ್ತಿಗೆಯ ಬೂದು ಬಣ್ಣವನ್ನೇ ನೋಡಿ ನೋಡಿ, ಮನುಷ್ಯರನ್ನೂ ಹಾಗೇ ನೋಡುವ ಚಟ ಅಂಟಿಕೊಂಡಿತ್ತು, ಅಷ್ಟೆ.

ಮೊನ್ನೆ ಕುಂದಾಪುರದಲ್ಲಿ ಅವರ ನೆನಪಿಗೊಂದು ಸಭೆ ಮಾಡಿದರು. ವೇದಿಕೆಯ ಮೇಲೆ ಕೂತವರಲ್ಲಿ ಒಬ್ಬರಿಗೂ ಅವರ ಹೆಸರಿನ ಇನಿಷಿಯಲ್ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬರು ‘ಪಕ್ಷಿಪ್ರೇಮಿ’ ಎಂದರು. ಇನ್ನೊಬ್ಬರು ‘ಅಜಾತಶತ್ರು’ ಎಂದರು. ಅಜಾತಶತ್ರುವಂತೆ! ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ಹತ್ತಿದರೆ, ಪ್ರತಿ ಸ್ಟಾಪಿನಲ್ಲೂ ಅವರ ಮೇಲೆ ಹಲ್ಲು ಮಸೆಯುವವರು ಒಬ್ಬರಾದರೂ ಹತ್ತುತ್ತಿದ್ದರು. ಪಕ್ಷಿಪ್ರೇಮವೂ ಸುಳ್ಳು. ಹಕ್ಕಿಗಳೆಂದರೆ ಅವರಿಗೆ ಪ್ರೀತಿಯೇನೂ ಇರಲಿಲ್ಲ. ಮನುಷ್ಯರ ಮೇಲಿದ್ದಷ್ಟು ತಿರಸ್ಕಾರ ಇರಲಿಲ್ಲ ಎನ್ನಬಹುದು. ಸಭೆಯ ಮುಂದಿನ ಸಾಲಿನಲ್ಲಿ ದೊಡ್ಡ ದೊಡ್ಡ ಲೆನ್ಸಿನ ಫೋಟೋಗ್ರಾಫರುಗಳು ಕೂತಿದ್ದರು. ಭಾನುವಾರ ಬಂತೆಂದರೆ ಮರವಂತೆಯ ದಂಡೆಯಲ್ಲಿ ಹಸಿರು ಟೋಪಿ ಹಾಕಿಕೊಂಡು ತಿರುಗುವ ಜನ. ಅವರ ಬಗ್ಗೆ ಮೇಷ್ಟ್ರು ಹೇಳುತ್ತಿದ್ದದ್ದು ಒಂದೇ ಮಾತು: “ಅವ್ರ್ ಹಕ್ಕಿ ಕಾಂಬುಕ್ ಹೋಪುದಲ್ಲ ಮಾರಾಯ್ತಿ, ಹಕ್ಕಿಗ್ ತಮ್ಮನ್ ತೋರ್ಸುಕ್ ಹೋಪುದ್.”

ನಾನು ನಾವುಂದದವಳು. ಕುಂದಾಪುರದ ಕಾಲೇಜಿನಲ್ಲಿ ಅವರ ಬಳಿ ಪ್ರಾಣಿಶಾಸ್ತ್ರ ಓದಿ, ಮುಂದೆ ಅದೇ ವಿಭಾಗದಲ್ಲಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಅವರಿಂದ ಕಲಿತದ್ದು ಎರಡು ವಿದ್ಯೆ. ಒಂದು ಹಕ್ಕಿಗಳ ಬಣ್ಣದ ವಿಷಯ, ಇನ್ನೊಂದು ಮೂಗು ಮುರಿಯುವುದು. ಎರಡನೆಯದರಲ್ಲಿ ನಾನು ಗುರುವನ್ನು ಮೀರಿಸಿದ್ದೇನೆ ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು.

ಬಣ್ಣದ ವಿಷಯ ಇಷ್ಟೇ. ಒಂದೇ ಜಾತಿಯ ಹಕ್ಕಿ ಮಳೆ ಹೆಚ್ಚಿರುವ, ಗಾಳಿ ಸದಾ ತೇವವಾಗಿರುವ ಊರಿನಲ್ಲಿ ಕಪ್ಪಗಿರುತ್ತದೆ. ಒಣ ಊರಿನಲ್ಲಿ ಬಿಳಿಚಿಕೊಂಡಿರುತ್ತದೆ. ಗೂಬೆಯಾಗಲಿ ಗುಬ್ಬಿಯಾಗಲಿ, ಬಹಳಷ್ಟು ಹಕ್ಕಿಗಳಲ್ಲಿ ಹೀಗೆ. ಯಾಕೆ ಎಂದು ಕೇಳಿದರೆ ಮೇಷ್ಟ್ರು ಕ್ಲಾಸಿನಲ್ಲಿ ಯಾರದಾದರೂ ಕೊಡೆ ಎತ್ತಿಕೊಂಡು ಬಿಚ್ಚುತ್ತಿದ್ದರು. “ಆಟಿ ತಿಂಗ್ಳ್ ಮಳಿಯಲ್ ಈ ಬಟ್ಟಿಗೆ ಬೂಸ್ಲ್ ಹಿಡಿತ್ತಾ ಇಲ್ಯಾ? ಹಕ್ಕಿ ಗರಿಗೂ ಹಂಗೇ. ತೇವ ಇದ್ದಲ್ಲಿ ಗರಿ ತಿಂಬು ಕ್ರಿಮಿ ಹೆಚ್ಚ್. ಕಪ್ಪ್ ಬಣ್ಣ ಸೇರಿದ್ ಗರಿ ಗಟ್ಟಿ, ಅದನ್ ತಿಂಬುದ್ ಕಷ್ಟ. ಅದಕ್ಕಾಯಿ ನಮ್ಮೂರ್ ಹಕ್ಕಿ ಕಪ್ಪ್. ಇದ್ ಚಂದಕ್ ಅಲ್ಲ, ಬದ್ಕುಕೆ.” ಒದ್ದೆ ನೆಲದ ಕತ್ತಲು ಬಣ್ಣದಲ್ಲಿ ಅಡಗಿಕೊಳ್ಳಲಿಕ್ಕೂ ಕಪ್ಪೇ ಒಳ್ಳೆಯದು ಎಂದು ಸೇರಿಸುತ್ತಿದ್ದರು. ಆಮೇಲೆ ಕೊಡೆಯನ್ನು ಮಡಚದೆ ಹಾಗೇ ನೆಲಕ್ಕೆ ಹಾಕುತ್ತಿದ್ದರು. ಕೊಡೆಯ ಒಡೆಯ ಬಗ್ಗಿ ಎತ್ತಿಕೊಳ್ಳಬೇಕು.

ಅವರ ಎಲ್ಲ ತಿರಸ್ಕಾರದಲ್ಲಿ ಮೊದಲ ಮಣೆ ಹೋಟೆಲಿನವರಿಗೆ. ಇದು ನಮ್ಮ ಕಡೆಯಲ್ಲಿ ಸಣ್ಣ ಮಾತಲ್ಲ. ಇಲ್ಲಿ ಮನೆಗೊಬ್ಬ ಹೋಟೆಲಿನವನಿದ್ದಾನೆ. ದೇಶದ ಯಾವ ಊರಿನ ರೈಲ್ವೆ ಸ್ಟೇಷನ್ನಿನ ಎದುರು ಇಳಿದರೂ ಇಡ್ಲಿ ಬೇಯಿಸುತ್ತಿರುವವನು ಕುಂದಾಪುರ ಕಡೆಯವನೇ. ಮೇಷ್ಟ್ರ ಕಾಲದಲ್ಲಿ ಹತ್ತನೆಯಲ್ಲಿ ಫೇಲಾದ ಹುಡುಗನಿಗೆ ಮನೆಯವರು ಹೇಳುತ್ತಿದ್ದದ್ದು ಒಂದೇ, ‘ಹೋಟ್ಲಿಗ್ ಹೋಗ್’. ಅವರು ಪಾಸಾದರು. ಪಾಸಾದ ಗರ್ವ ಕೊನೆಯವರೆಗೂ ಇಳಿಯಲಿಲ್ಲ. ಹೋಟೆಲಿಗೆ ಕಾಲಿಡುತ್ತಿರಲಿಲ್ಲ, ಹೋಟೆಲಿನ ಕಾಫಿ ಕುಡಿಯುತ್ತಿರಲಿಲ್ಲ. ಹೊರಗೆ ಹೋಗುವಾಗ ಹೆಂಡತಿ ಸರೋಜಕ್ಕ ಅವಲಕ್ಕಿ ಕಟ್ಟಿಕೊಡಬೇಕು. ಹೋಟೆಲಿನವರಿಗೆ ಅವರು ಇಟ್ಟ ಹೆಸರು ‘ಚಟ್ನಿ ಪಂಡಿತರು’.

ಅವರನ್ನು ಓದಿಸಿದವರು ಹೋಟೆಲಿನವರೇ. ಅಣ್ಣ ವಾಸುದೇವಣ್ಣ ಮೀಸೆ ಮೂಡುವ ಮೊದಲೇ ಉಪ್ಪುಂದದ ಮನೆ ಬಿಟ್ಟು, ಮುಂಬಯಿಯಲ್ಲಿ ಲೋಟ ತೊಳೆದು, ಕಡೆಗೆ ಎಲ್ಲಿಂದೆಲ್ಲಿಗೋ ಹೋಗಿ ರಾಜಸ್ಥಾನದ ಜೋಧಪುರದಲ್ಲಿ ಒಂದು ಪುಟ್ಟ ಹೋಟೆಲು ಹಾಕಿದ್ದರು. ತಮ್ಮನ ಪುಸ್ತಕ, ಫೀಸು, ಮೊದಲ ಪ್ಯಾಂಟು ಎಲ್ಲ ಆ ಹೋಟೆಲಿನಿಂದ ಬಂದದ್ದು. ಇದನ್ನು ನನಗೆ ಹೇಳಿದವರು ಸರೋಜಕ್ಕ. ಮೇಷ್ಟ್ರು ಅಣ್ಣನ ಬಗ್ಗೆ ಹೇಳಿದ್ದು ಕೇಳಿದರೆ, ಆ ಮನುಷ್ಯ ದೋಸೆ ತಿರುವಿಹಾಕಲು ಹೋಗಿ ದಾರಿ ತಪ್ಪಿದವನು ಅನ್ನಿಸಬೇಕು. ವಾಸುದೇವಣ್ಣ ಅದಕ್ಕೆಲ್ಲ ನಗುತ್ತಿದ್ದರು. ಊರಿಗೆ ಬಂದಾಗ ತಮ್ಮನ ಪಕ್ಕ ಜಗಲಿಯಲ್ಲಿ ಕೂತು, “ನಮ್ ಮೇಷ್ಟ್ರ್” ಎಂದು ಬಂದವರಿಗೆಲ್ಲ ತೋರಿಸುವರು. ಹೆಮ್ಮೆ ಹೊತ್ತು ತಿರುಗುವುದಕ್ಕೆ ಅವರಿಗೆ ಈ ಒಂದು ತಮ್ಮ ಸಾಕಿತ್ತು.

ಹೀಗೆ ಹೋಟೆಲಿನವರನ್ನು ಕಂಡರಾಗದ ಮೇಷ್ಟ್ರು, ತಮ್ಮ ಕೆಲಸಕ್ಕೆ ಮಾತ್ರ ಅವರನ್ನೇ ಹಿಡಿದರು. ಕಾಗೆಯ ಕುತ್ತಿಗೆ ಕರಾವಳಿಯಲ್ಲಿ ಗಾಢ ಬೂದಿ, ಒಳನಾಡಿಗೆ ಹೋದಂತೆ ತೆಳು, ಮರುಭೂಮಿಯ ಅಂಚಿನಲ್ಲಿ ಬಹುತೇಕ ಬಿಳಿ ಎಂಬುದನ್ನು ಸಾಲಾಗಿ ಗರಿ ಇಟ್ಟು ತೋರಿಸಬೇಕು ಎಂಬ ಹಟ ಹತ್ತಿತ್ತು. ಗರಿ ಎಲ್ಲಿಂದ ಬರಬೇಕು? ಹುಬ್ಬಳ್ಳಿ, ಸೊಲ್ಲಾಪುರ, ನಾಗಪುರ, ಎಲ್ಲ ಕಡೆಯೂ ನಮ್ಮವರ ಹೋಟೆಲುಗಳಿವೆ. ಉದುರಿದ ಕಾಗೆಗರಿಯಲ್ಲಿ ಕುತ್ತಿಗೆಯ ಗರಿ ಮಾತ್ರ ಹೆಕ್ಕಿ ಕಳಿಸಿ ಎಂದು ಆಜ್ಞೆ ಹೋಯಿತು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. “ಚಟ್ನಿ ಪಂಡಿತರಿಗ್ ಎಂತಕ್ ಹೇಳುದ್? ಹೆಕ್ಕುದ್, ಕಳ್ಸುದ್.” ಪಾಪ, ಅವರು ಕಳಿಸಿದರು. ಊರಿನ ಮೇಷ್ಟ್ರು ಕೇಳಿದ್ದಾರೆ ಎಂಬ ಗೌರವ. ನಮಗೆ ಇನ್ನೊಂದು ಆಜ್ಞೆಯಿತ್ತು: ಬಂದ ಗರಿಯನ್ನು ಬಂದ ಹಾಗೇ ಇಡಬೇಕು, ತೊಳೆಯಬಾರದು, ಒರೆಸಬಾರದು. ತೊಳೆದರೆ ಬಣ್ಣ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಕೇಳಿ ತಲೆಯಾಡಿಸುವುದು ನಮ್ಮ ಕೆಲಸ.

ಅವರು ನಿವೃತ್ತರಾಗುವ ವರ್ಷ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ ನಡೆಯಿತು. ಉದ್ಘಾಟನೆಗೆ ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರ್ ಬಂದಿದ್ದರು. ಮೇಷ್ಟ್ರೊಡನೆ ಓದಿದವರು, ಮೇಷ್ಟ್ರು ‘ಗೆದ್ದಲು’ ಎಂದು ಕರೆಯುತ್ತಿದ್ದವರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಊರೂರಿನ ಗರಿ ಸಾಲಾಗಿ ಇಟ್ಟಿದ್ದೆವು. ಎಡತುದಿಯಲ್ಲಿ ಉಪ್ಪುಂದ. ಬಲತುದಿ ಖಾಲಿ, ಅದು ಜೋಧಪುರದ ಜಾಗ. ವಾಸುದೇವಣ್ಣನ ಪ್ಯಾಕೆಟ್ಟು ಅಂದು ಬೆಳಿಗ್ಗೆಯಷ್ಟೇ ಕೊರಿಯರ್‌ನಲ್ಲಿ ಬಂದಿತ್ತು. ನಾನು ಒಡೆಯಲು ಹೋದರೆ ಮೇಷ್ಟ್ರು ಕಸಿದುಕೊಂಡರು. “ಒಡುದ್ ಬ್ಯಾಡ. ಆ ಗೆದ್ಲಿನ್ ಎದ್ರೇ ಒಡಿತೆ. ಒಳಗ್ ಎಂತ ಇತ್ತ್ ಅಂತ ಕಾಣ್ದೆ ಹೇಳ್ತೆ ನಾನ್!”

ಹೇಳಿದರು ಕೂಡ. ಎಲ್ಲರ ಎದುರು ನಿಂತು, ಇದರೊಳಗಿನ ಗರಿ ಈ ಮೇಜಿನ ಮೇಲಿರುವ ಎಲ್ಲಕ್ಕಿಂತ ಬೆಳ್ಳಗಿರುತ್ತದೆ ಎಂದು ಘೋಷಿಸಿ ಪ್ಯಾಕೆಟ್ಟು ಹರಿದು ಬಟ್ಟೆಯ ಮೇಲೆ ಸುರಿದರು. ಬಿದ್ದ ಗರಿ ಉಪ್ಪುಂದದ್ದಕ್ಕಿಂತ ಕಪ್ಪಗಿತ್ತು. ಇಡೀ ಸಾಲಿನಲ್ಲಿ ಅಷ್ಟು ಕಪ್ಪು ಇನ್ನೊಂದಿರಲಿಲ್ಲ. ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು, “ಐತಾಳರೇ, ಜೋಧಪುರದಲ್ಲಿ ಮಳೆ ಜೋರಿರಬೇಕು” ಎಂದರು. ಸಭೆ ನಕ್ಕಿತು. ನಗಲು ಕಾದಿದ್ದವರೇ ಎಲ್ಲ.

ಮೇಷ್ಟ್ರು ಅಲ್ಲೇ ಫೋನು ತೆಗೆದರು. ಅವರಿಗೆ ಕಿವಿ ಸ್ವಲ್ಪ ಮಂದ. ಫೋನು ಯಾವಾಗಲೂ ಸ್ಪೀಕರಿನಲ್ಲೇ. “ಹ್ವಾಯ್, ಎಂತ ಕಳ್ಸಿದ್ದ್ ನೀನ್?” ಎಂದು ಗರ್ಜಿಸಿದರು. ಆ ಕಡೆಯಿಂದ ಪಾತ್ರೆಗಳ ಸದ್ದಿನ ನಡುವೆ ವಾಸುದೇವಣ್ಣನ ದನಿ ಬಂತು: “ಗರಿ ಬಂತಾ? ಲಾಯ್ಕಿತ್ತಾ?”

“ಹೋದ್ ತಿಂಗ್ಳ್ ಊರಿಗ್ ಬಂದವ ಇಲ್ಲೇ ತ್ವಾಟದಲ್ ಹೆಕ್ಕಿ, ಅಲ್ಲಿಂದ ಕಳ್ಸಿದ್ಯಾ? ಕಳ್ಳ! ಹೋಟ್ಲಿನವನ್ ಬುದ್ಧಿ ಎಲ್ಲಿಗ್ ಹೋತ್ತ್? ನಿನ್ನಿಂದ ಮರ್ಯಾದಿ ಹೋಯ್ತ್ ನನ್ದ್!”

ಆ ಕಡೆ ಒಂದು ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು. ಸಭೆಯಲ್ಲಿ ಈಗ ಯಾರೂ ನಗಲಿಲ್ಲ. ತಾನು ತಪ್ಪಿರಬಹುದು ಎಂದು ಒಂದು ಕ್ಷಣವೂ ತೋಚದ ಮನುಷ್ಯನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನಗೆ ಅಸಹ್ಯವಾಯಿತು.

ಮುಂದಿನ ವಾರ ಸರೋಜಕ್ಕ ಫೋನು ಮಾಡಿದರು. “ಬಾವ ಬಂದಿದ್ರ್, ನೀ ಒಂಚೂರ್ ಬಾ ಮಾರಾಯ್ತಿ. ಇವ್ರ್ ಎಂತ ಹೇಳ್ತ್ರೋ, ನಂಗ್ ಹೆದ್ರಿಕಿ.” ನಾನು ಸ್ಕೂಟರು ಹತ್ತಿ ಉಪ್ಪುಂದಕ್ಕೆ ಹೋದೆ. ಬಾವಿಕಟ್ಟೆಯ ಬಳಿ ವಾಸುದೇವಣ್ಣ ನಿಂತಿದ್ದರು. ಕಾಲ ಬುಡದಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು, ಅದರ ಮೇಲೊಂದು ಕ್ರೇಟು ಬೋರಲಾಗಿ ಕಟ್ಟಿತ್ತು. ಒಳಗೆ ಕಾಲಿಗೆ ದಾರ ಕಟ್ಟಿದ ಒಂದು ಜೀವಂತ ಕಾಗೆ! ಜೋಧಪುರದಿಂದ ಮುಂಬಯಿಗೆ, ಅಲ್ಲಿಂದ ರೈಲು ಬದಲಿಸಿ ಬೈಂದೂರಿಗೆ, ಆ ಮನುಷ್ಯ ಕಾಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಟಿಕೆಟ್ ನೋಡುವವರಿಗೆ ಏನು ಸಮಾಧಾನ ಹೇಳಿದರೋ ದೇವರಿಗೇ ಗೊತ್ತು. ತಾನು ಕಳ್ಳನಲ್ಲ ಎಂದು ತಮ್ಮನ ಬಾಯಲ್ಲಿ ಒಂದು ಮಾತು ಕೇಳಬೇಕು, ಅವರಿಗೆ ಬೇಕಿದ್ದದ್ದು ಅಷ್ಟೇ.

“ಮರಿ ಆಯಿಪ್ಪ ಹೊತ್ತಿಗೆ ಗೂಡಿಂದ ಬಿದ್ದದ್ದ್” ಎಂದರು ನನಗೆ. “ನಾನೇ ಸಾಕಿದ್ದ್. ಅಡ್ಗಿ ಮನಿ ಹಿಂದ್ ಹೊಗಿ ಕೊಳ್ವಿ ಇತ್ತಲ್ದಾ, ಅದ್ರ್ ಬಾಯಲ್ಲೇ ಕೂಕಂಬುದ್ ಇದ್. ಚಳಿಗ್ ಬೆಚ್ಚಗಾತ್ತಲೆ. ಇಡ್ಲಿ ಬಿಟ್ರೆ ಬ್ಯಾರೆ ಎಂತದೂ ತಿಂತಿಲ್ಲೆ. ಗರಿ ಕೇಂಡದ್ದಕ್ಕೆ, ಇದ್ರದ್ದೇ ಲಾಯ್ಕ್ ಅಂದ್ಹೇಳಿ ಕಳ್ಸಿದ್ದ್.”

ನನಗೆ ಅಲ್ಲಿಗೇ ಎಲ್ಲ ತಿಳಿಯಿತು. ಹೋಟೆಲಿನ ಅಡುಗೆಮನೆಯ ಹೊಗೆಕೊಳವೆ. ಎಣ್ಣೆಯ ಮಸಿ. ನಮ್ಮ ಕಡೆಯ ಯಾವ ಮನೆಯಲ್ಲಿ ಕೇಳಿದರೂ, ಹೋಟೆಲಿನ ಹಿಂಬದಿ ಹೇಗಿರುತ್ತದೆ ಎಂದು ಅಡುಗೆಯ ಹೆಂಗಸರೂ ಹೇಳಿಯಾರು. ಜೀವಮಾನದಲ್ಲಿ ಒಂದು ಹೋಟೆಲಿನ ಹಿಂಬಾಗಿಲು ನೋಡದ ಈ ಒಬ್ಬ ಮಹಾಪಂಡಿತರಿಗೆ ಮಾತ್ರ ಗೊತ್ತಿರಲಿಲ್ಲ. ಸಾಲದ್ದಕ್ಕೆ ಗರಿ ತೊಳೆಯಬಾರದೆಂಬ ಕಟ್ಟಪ್ಪಣೆ ಬೇರೆ.

ಮೇಷ್ಟ್ರು ಜಗಲಿಯಿಂದ ಇಳಿದು ಬಂದರು. ಅಣ್ಣನ ಮುಖ ನೋಡಲಿಲ್ಲ. ಕ್ರೇಟಿನೊಳಗೆ ಬಗ್ಗಿ ಕಾಗೆಯ ಕುತ್ತಿಗೆ ನೋಡಿದರು. “ಕಪ್ಪೇ ಇತ್ತಲೆ” ಎಂದರು. ವಾಸುದೇವಣ್ಣ ಕಾಗೆಯನ್ನು ಹೊರತೆಗೆದು ಎಡಗೈಯಲ್ಲಿ ಎದೆಗವಚಿಕೊಂಡರು. ಅದು ಕೊಸರಲೂ ಇಲ್ಲ. ಕಲ್ಲುಮರಿಗೆಯ ನೀರಿಗೆ ಸೀಗೆಪುಡಿ ಹಾಕಿ, ಬಲಗೈಯ ಎರಡು ಬೆರಳಿನಿಂದ ಅದರ ಕುತ್ತಿಗೆಯನ್ನು ನಿಧಾನ ಉಜ್ಜತೊಡಗಿದರು. ಮಗುವನ್ನು ಮೀಯಿಸುವ ಹಾಗೆ. ಕಪ್ಪು ನೀರು ಅವರ ಮುಂಗೈ ಮೇಲಿಂದ ಇಳಿದು ಬಿಳಿ ಪಂಚೆಗೆ ಬಿತ್ತು. ಉಜ್ಜಿದಂತೆ ಕೆಳಗಿನ ಬಣ್ಣ ಎದ್ದು ಬಂತು: ಹಾಲು ಬೆರೆಸಿದ ಬೂದಿಯ ಬಣ್ಣ. ಅದೇ ಹೊತ್ತಿಗೆ ಗೋಡೆಯ ಮೇಲೆ ನಮ್ಮೂರಿನ ಕಾಗೆಯೊಂದು ಬಂದು ಕೂತು ಕೂಗಿತು. ಅದರ ಕುತ್ತಿಗೆ ಜೂನ್ ತಿಂಗಳ ಮೋಡದ ಹಾಗಿತ್ತು. ಎರಡನ್ನೂ ಒಟ್ಟಿಗೆ ನೋಡಿದ ಯಾರಿಗೂ ಇನ್ನೇನೂ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

ಸರೋಜಕ್ಕ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ವಾಸುದೇವಣ್ಣ ತಲೆಯೆತ್ತಿ ತಮ್ಮನನ್ನು ನೋಡಿದರು. ಮೇಷ್ಟ್ರು ಕಾಗೆಯ ಕುತ್ತಿಗೆಯನ್ನು ನೋಡಿದರು, ಗೋಡೆಯ ಮೇಲಿನದನ್ನು ನೋಡಿದರು. ಮುಖವೆಲ್ಲ ಅರಳಿತು. ನನ್ನತ್ತ ತಿರುಗಿ, “ಕಂಡ್ಯಾ? ನಾನ್ ಹೇಳಿದ್ದೇ ಸರಿ!” ಎಂದರು.

ಅಷ್ಟೇ. ಎರಡು ದಿನ ರೈಲಿನಲ್ಲಿ ಕೂತು ಬಂದ ಅಣ್ಣ ಒದ್ದೆ ಪಂಚೆಯಲ್ಲಿ ಎದುರಿಗೆ ನಿಂತಿದ್ದಾನೆ, ಮೇಷ್ಟ್ರು ತಾವು ಸರಿಯೆಂಬುದನ್ನು ನನಗೆ ಹೇಳುತ್ತಿದ್ದಾರೆ. ಆ ಮಾತು ಮುಗಿಸಿ ಒಳಗೆ ಹೋಗಿ, ಗೆದ್ದಲು ಪ್ರೊಫೆಸರಿಗೆ ಫೋನು ಹಚ್ಚಿದರು.

ಸರೋಜಕ್ಕ ಎಲೆ ಹಾಕಿದ್ದರು. ವಾಸುದೇವಣ್ಣ ಊಟಕ್ಕೆ ಕೂರಲಿಲ್ಲ. ಹಸಿವಿಲ್ಲ ಎಂದರು. ಕಾಗೆಯ ಕಾಲಿನ ದಾರ ಬಿಚ್ಚಿ, ಚೀಲದಲ್ಲಿ ಉಳಿದಿದ್ದ ಒಂದು ಇಡ್ಲಿಯನ್ನು ಗೋಡೆಯ ಮೇಲಿಟ್ಟರು. “ಇದ್ ಇಲ್ಲೇ ಇರ್ಲಿ. ಅವ್ನಿಗ್ ಬೇಕಾತ್ತ್” ಎಂದರು. ನಮ್ಮಲ್ಲಿ ಮನೆಯಿಂದ ಹೊರಡುವವರು ‘ಬತ್ತೆ’ ಎನ್ನುತ್ತಾರೆ. ಮತ್ತೆ ಬರುತ್ತೇನೆ ಎಂದು ಹೇಳಿಯೇ ಹೊಸ್ತಿಲು ದಾಟಬೇಕು. ಜಗಳವಾಡಿ ಹೊರಟವರೂ ಅದನ್ನು ಬಿಡುವುದಿಲ್ಲ. ವಾಸುದೇವಣ್ಣ ಸರೋಜಕ್ಕನಿಗೆ, “ಹೋತೆ” ಎಂದಷ್ಟೇ ಹೇಳಿದರು. ಸರೋಜಕ್ಕ ಅಳತೊಡಗಿದರು. ವಾಸುದೇವಣ್ಣ ಆಮೇಲೆ ಊರಿಗೆ ಬರಲಿಲ್ಲ. ಎರಡು ಮಳೆಗಾಲ ಕಳೆದು ಜೋಧಪುರದಲ್ಲೇ ತೀರಿಕೊಂಡರು ಎಂದು ಸುದ್ದಿ ಬಂತು.

ನಾನು ಮೇಷ್ಟ್ರ ಮನೆಗೆ ಹೋಗುವುದು ಬಿಟ್ಟಿದ್ದೆ. ದಾರಿಯಲ್ಲಿ ಸಿಕ್ಕರೆ ಮಾತು, ಇಲ್ಲದಿದ್ದರೆ ಇಲ್ಲ. ಅವರೂ ನಿವೃತ್ತರಾಗಿ ಊರಲ್ಲೇ ಇದ್ದರು. ಉಪ್ಪುಂದದ ಹೋಟೆಲೊಂದರಲ್ಲಿ ಅವರನ್ನು ಕಂಡೆವೆಂದು ಯಾರೋ ಹೇಳಿದಾಗ ನಾನು ನಂಬಲಿಲ್ಲ. ದಿನಾ ಬೆಳಿಗ್ಗೆ ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಾರಂತೆ, ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಅಡುಗೆಯವನೊಡನೆ ಮಾತಾಡುತ್ತಾ ನಿಲ್ಲುತ್ತಾರಂತೆ. ಮುದುಕರಿಗೆ ಬುದ್ಧಿ ಮಂಕಾಗಿರಬೇಕು ಎಂದುಕೊಂಡೆ.

ಕೊನೆಯ ಬಾರಿ ನೋಡಿದ್ದು ಕಳೆದ ಬೇಸಗೆಯಲ್ಲಿ. ಸರೋಜಕ್ಕನಿಗೆ ಹುಷಾರಿಲ್ಲ ಎಂದು ಕೇಳಿ ಹೋಗಿದ್ದೆ. ಅವರನ್ನು ಮಾತಾಡಿಸಿ ಹಿತ್ತಲಿನ ಕಡೆಯಿಂದ ಹೊರಟೆ. ಬಾವಿಕಟ್ಟೆಯ ಆಚೆ, ನನಗೆ ಬೆನ್ನು ಹಾಕಿ ಮೇಷ್ಟ್ರು ನಿಂತಿದ್ದರು. ಗೋಡೆಯ ಮೇಲೆ ಬಾಳೆಲೆಯ ಚೂರಿನಲ್ಲಿ ಇಡ್ಲಿ. ಅದರ ಪಕ್ಕ ಕೂತಿದ್ದ ಕಾಗೆಯನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಇಷ್ಟು ಮಳೆಗಾಲ ಇಲ್ಲಿ ನೆನೆದಿದೆ, ವರ್ಷ ವರ್ಷ ಗರಿ ಉದುರಿಸಿ ಹೊಸದು ಹಾಕಿಕೊಂಡಿದೆ. ಕುತ್ತಿಗೆ ಮಾತ್ರ ಅದೇ ಹಾಲುಬೂದಿ. ಹುಟ್ಟಿನಿಂದ ಬಂದ ಬಣ್ಣ ಒಂದು ಹಕ್ಕಿಯ ಆಯುಷ್ಯದಲ್ಲಿ ಬದಲಾಗುವುದಿಲ್ಲ, ಅದಕ್ಕೆ ಎಷ್ಟೋ ತಲೆಮಾರು ಬೇಕು ಎಂದು ಇದೇ ಮೇಷ್ಟ್ರು ನಮಗೆ ಪಾಠ ಹೇಳಿದ್ದರು. ಊರಿನ ಕಾಗೆಗಳು ತೆಂಗಿನ ಮರದಲ್ಲಿ ದೂರ ಕೂತಿದ್ದವು.

ಮೇಷ್ಟ್ರು ಇಡ್ಲಿಯನ್ನು ಮುರಿದು ಇಟ್ಟರು. ಕಾಗೆ ಕೊಕ್ಕಿನಲ್ಲಿ ಎತ್ತಿಕೊಂಡಿತು. ಆಗ ಅವರು ಹೇಳಿದರು, ನಾನು ಅವರ ಬಾಯಲ್ಲಿ ಎಂದೂ ಕೇಳಿರದ ದನಿಯಲ್ಲಿ: “ಅಣ್ಣಾ, ನಂದ್ ತಪ್ಪಾಯ್ತ್.”

ಸತ್ತವರು ಕಾಗೆಯಾಗಿ ಬರುತ್ತಾರೆ ಎಂಬವರನ್ನು ಜೀವಮಾನವಿಡೀ ಗೇಲಿ ಮಾಡಿದ ಮನುಷ್ಯ ಇವರು. ಅಪ್ಪನ ತಿಥಿಯಲ್ಲಿ ಪುರೋಹಿತರು ಕಾಗೆಗೆ ಕಾಯುತ್ತಿದ್ದಾಗ ಎದ್ದು ಹೋದವರು. ನನ್ನ ಕಣ್ಣು ಒದ್ದೆಯಾಗಬೇಕಿತ್ತು, ಬಂದದ್ದು ಸಿಟ್ಟು. ಆ ಮಾತಿಗಾಗಿ ಒಬ್ಬ ದೇಶದ ಆ ತುದಿಯಿಂದ ಈ ತುದಿಗೆ ಬಂದು ಇದೇ ಕಲ್ಲುಮರಿಗೆಯ ಬಳಿ ನಿಂತಿದ್ದ. ಅವನಿಗೆ ಕೊಡದೆ ಇಟ್ಟುಕೊಂಡದ್ದನ್ನು ಈಗ ಒಂದು ಹಕ್ಕಿಗೆ ಕೊಡುತ್ತಿದ್ದಾರೆ, ಅದೂ ಯಾರೂ ಇಲ್ಲದ ಹೊತ್ತು ನೋಡಿ.

ನನ್ನ ಹೆಜ್ಜೆಯ ಸದ್ದಿಗೆ ತಿರುಗಿದರು. ಅಭ್ಯಾಸದಂತೆ ನನ್ನ ಕುತ್ತಿಗೆ ನೋಡುತ್ತಾ, “ಎಂತ ಕಾಣ್ತೆ? ಪ್ರಯೋಗ ಮಾಡ್ತಿದ್ದೆ” ಎಂದರು.

“ಅದ್ ಜೋಧಪುರದ್ ಕಾಕಿ ಸರ್” ಎಂದೆ. “ಅದಕ್ ಕನ್ನಡ ಬತ್ತಿಲ್ಲೆ.”

ಅವರಿಂದಲೇ ಕಲಿತ ವಿದ್ಯೆ. ಚುಚ್ಚಬೇಕೆಂದೇ ಹೇಳಿದ್ದೆ, ಚುಚ್ಚಿತು. ಮೇಷ್ಟ್ರು ನಿಧಾನವಾಗಿ ಕಣ್ಣೆತ್ತಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದರು. ಅವರ ಕಣ್ಣಿನ ಬಣ್ಣ ತೆಳು ಕಂದು ಎಂದು ನನಗೆ ಅಂದೇ ಗೊತ್ತಾದದ್ದು. ವಾಸುದೇವಣ್ಣನದೂ ಅದೇ ಬಣ್ಣವಿತ್ತು.

“ಗೊತ್ತಿತ್ತ್” ಎಂದರು.

ಆಟಿಯ ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟರು. ಮೊನ್ನೆಯ ಸಭೆಯಲ್ಲಿ ನಾನೂ ನಾಲ್ಕು ಮಾತು ಆಡಬೇಕಿತ್ತು, ಎದ್ದು ಬಂದೆ. ಬಸ್ಸಿನಲ್ಲಿ ನಾವುಂದ ದಾಟಿ ಉಪ್ಪುಂದದಲ್ಲಿ ಇಳಿದು ಆ ಹೋಟೆಲಿಗೆ ಹೋಗಿ ಇಡ್ಲಿ ಕಟ್ಟಿಸಿಕೊಂಡೆ.